ಕೊನೆಯ ಬೆಂಚಿನ ಕ್ಯಾಮೆರಾ

(ಯರಗಟ್ಟಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)

ಶಾಲೆಯ ದಿನನಿತ್ಯದ ಬದುಕನ್ನು ಇದ್ದದ್ದು ಇದ್ದ ಹಾಗೆ ನೋಡುವ ಟಿ.ವಿ. ಸಾಕ್ಷ್ಯಚಿತ್ರಗಳು ಇಂದಿನ ಉಪನ್ಯಾಸದ ವಿಷಯ.

ಮುಂಜಾನೆ ಒಂಬತ್ತರ ಹೊತ್ತಿಗೆ ಯರಗಟ್ಟಿಯ ಬಸ್ ನಿಲ್ದಾಣ ಪಾಟಿಚೀಲ ಹೊತ್ತ ಮಕ್ಕಳಿಂದ ತುಂಬುತ್ತದೆ. ಊರು ಬೆಳಗಾವಿ–ಬಾಗಲಕೋಟೆ ರಸ್ತೆಯ ಮೇಲಿದೆ. ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಹೈಸ್ಕೂಲು ಎಂದರೆ ಮೊದಲು ಒಂದು ಬಸ್ಸು, ಆಮೇಲೆ ಒಂದು ಕಟ್ಟಡ. ಹುಡುಗಿಯರ ಕೈಯಲ್ಲಿ ಆಧಾರ್ ಕಾರ್ಡು. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಯಾದ ಮೇಲೆ ಅವರಿಗೆ ಟಿಕೆಟ್ಟಿನ ಚಿಂತೆ ಇಲ್ಲ. ಹುಡುಗರ ಕಿಸೆಯಲ್ಲಿ ಪಾಸು. ಬಸ್ಸು ತಡವಾದ ದಿನ ಮೊದಲ ಪಿರಿಯಡ್ಡು ತಪ್ಪುತ್ತದೆ. ಆಗ ಕೊಠಡಿಯ ಬಾಗಿಲಲ್ಲಿ ಒಬ್ಬಳು ಹುಡುಗಿ ನಿಂತು ‘ಒಳಗ ಬರಲೇನ್ರಿ ಸರ್’ ಎಂದು ಕೇಳುತ್ತಾಳೆ. ಮಾಸ್ತರು ಬೋರ್ಡಿನ ಕಡೆಗೆ ಮುಖ ಮಾಡಿಕೊಂಡೇ ‘ಯಾಕ್ ತಡಾ’ ಎನ್ನುತ್ತಾರೆ. ಅವಳು ಉತ್ತರ ಹುಡುಕುತ್ತಿರುವಾಗ ಮೂರನೆಯ ಬೆಂಚಿನ ಗೆಳತಿ ಮಾತಿಲ್ಲದೆ ಸರಿದು ಜಾಗ ಮಾಡುತ್ತಾಳೆ.

ಇಷ್ಟಕ್ಕೆಲ್ಲ ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷದಲ್ಲಿ ರಸ್ತೆ ಇದೆ, ಮನೆಯ ಕೆಲಸ ಇದೆ, ಮಾಸ್ತರರ ಸ್ವಭಾವ ಇದೆ, ಇಬ್ಬರು ಹುಡುಗಿಯರ ಸ್ನೇಹ ಇದೆ. ಕನ್ನಡದ ಟಿ.ವಿ.ಯಲ್ಲಿ ಇಂಥ ಅರ್ಧ ನಿಮಿಷ ನೋಡಸಿಗುವುದು ಬಹಳ ಅಪರೂಪ. ಇಂಥವನ್ನು ತಾಳ್ಮೆಯಿಂದ ಕೂಡಿಸುವ ಕ್ಯಾಮೆರಾ ಈ ಭಾಗದ ಶಾಲೆಗೆ ಬರಬೇಕು, ಬರುವಾಗ ಮಕ್ಕಳ ಒಪ್ಪಿಗೆ ಪಡೆದೇ ಬರಬೇಕು. ಈ ಉಪನ್ಯಾಸ ಹೇಳಹೊರಟಿರುವುದು ಇಷ್ಟೇ.

ಈಗಿರುವ ಕ್ಯಾಮೆರಾಗಳು

ಶಾಲೆಗೆ ಕ್ಯಾಮೆರಾ ಹೊಸದಲ್ಲ. ಗ್ಯಾದರಿಂಗಿನ ದಿನ ಬರುತ್ತದೆ, ಆಗಸ್ಟ್ 15ರ ಪ್ರಭಾತಫೇರಿಗೆ ಬರುತ್ತದೆ, ಹೊಸ ಕೊಠಡಿಯ ಟೇಪು ಕತ್ತರಿಸುವಾಗ ಬರುತ್ತದೆ. ಫಲಿತಾಂಶದ ದಿನ ಹೆಚ್ಚು ಅಂಕ ಪಡೆದವರ ಬಾಯಿಗೆ ಪೇಢೆ ಇಡುವ ಫೋಟೋ ಪೇಪರಿನಲ್ಲಿ ಬರುತ್ತದೆ. ಮನರಂಜನಾ ವಾಹಿನಿಗಳ ‘ಡ್ರಾಮಾ ಜೂನಿಯರ್ಸ್’, ‘ಸರಿಗಮಪ ಲಿಟಲ್ ಚಾಂಪ್ಸ್’ಗಳಲ್ಲಿ ಮಕ್ಕಳು ಬಣ್ಣ ಹಚ್ಚಿ, ತಾಲೀಮು ಮಾಡಿ, ತೀರ್ಪುಗಾರರ ಮುಂದೆ ನಿಲ್ಲುತ್ತಾರೆ. ಅಲ್ಲಿ ಕಾಣುವುದು ಪ್ರತಿಭೆ, ಅದು ಸಂತೋಷದ ಸಂಗತಿ. ಆದರೆ ವೇದಿಕೆ ಹತ್ತದ ಮಗು ಸೋಮವಾರದ ಮೂರನೆಯ ಪಿರಿಯಡ್ಡಿನಲ್ಲಿ ಹೇಗಿರುತ್ತದೆ ಎಂಬುದು ಅಲ್ಲಿ ಕಾಣುವುದಿಲ್ಲ.

ಟಿ.ವಿ.ಗೂ ಕನ್ನಡ ಶಾಲೆಗೂ ಇರುವ ನಂಟು ಅರ್ಧ ಶತಮಾನದ್ದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ಬಂತು. ಕರ್ನಾಟಕದಲ್ಲಿ ಅಂದಿನ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಮುಂಜಾನೆ ಶಾಲಾ ಮಕ್ಕಳ ಕಾರ್ಯಕ್ರಮ, ಸಂಜೆ ಊರವರಿಗೆಲ್ಲ ಕಾರ್ಯಕ್ರಮ. 2020ರ ಕೋವಿಡ್ ದಿನಗಳಲ್ಲಿ ಬಾಗಿಲು ಹಾಕಿದ್ದ ಶಾಲೆಗಳ ಜಾಗದಲ್ಲಿ ಚಂದನ ವಾಹಿನಿ ನಿಂತಿತು. ‘ಸೇತುಬಂಧ’, ‘ಸಂವೇದ’ ಪಾಠಗಳನ್ನು ಮನೆಯ ಪಡಸಾಲೆಗೆ ತಂದಿತು. ಎದುರಿಗೆ ಒಂದೂ ಮಗುವಿಲ್ಲದ ಸ್ಟುಡಿಯೋದಲ್ಲಿ ಶಿಕ್ಷಕರು ‘ಗೊತ್ತಾಯ್ತಾ ಮಕ್ಕಳೇ’ ಎಂದು ಕೇಳಿ ಎರಡು ಕ್ಷಣ ಸುಮ್ಮನಾಗುತ್ತಿದ್ದರು. ಆ ಮೌನ ಕೇಳಿದವರಿಗೆ ತರಗತಿ ಎಂದರೆ ಏನೆಂದು ಬೇರೆ ಹೇಳಬೇಕಾಗಿರಲಿಲ್ಲ. ಎರಡೂ ಸಲ ಟಿ.ವಿ. ಶಾಲೆಗೆ ಪಾಠ ಕೊಟ್ಟಿತು. ಶಾಲೆಯನ್ನು ನೋಡುವ ಕೆಲಸ ಮಾತ್ರ ಹಾಗೇ ಉಳಿಯಿತು.

ಈಚೆಗೆ ಇನ್ನೊಂದು ಬಗೆಯ ಕ್ಯಾಮೆರಾ ಬಂದಿದೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ತಂದಿತು. ಪರೀಕ್ಷಾ ಕೊಠಡಿಯ ಗೋಡೆಯ ಮೇಲಿನ ಸಿ.ಸಿ. ಕ್ಯಾಮೆರಾ ತೋರಿಸಿದ್ದನ್ನು ದೂರದ ಕಚೇರಿಯಲ್ಲಿ ಕುಳಿತ ಅಧಿಕಾರಿಗಳು ನೇರವಾಗಿ ನೋಡಿದರು. ನಕಲು ತಡೆಯುವ ಈ ಉದ್ದೇಶ ಸರಿಯಾದದ್ದೇ. ಕಷ್ಟಪಟ್ಟು ಓದಿದ ಮಗುವಿಗೆ ನ್ಯಾಯ ಸಿಗಬೇಕು. ಆ ವರ್ಷದ ಫಲಿತಾಂಶ ಎಲ್ಲರ ನೆನಪಿನಲ್ಲಿದೆ. 2023ರಲ್ಲಿ ಶೇ 83.89 ಇದ್ದ ಉತ್ತೀರ್ಣ ಪ್ರಮಾಣ 2024ರಲ್ಲಿ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೆ. ಕೃಪಾಂಕದ ಆ ಊರುಗೋಲು ತೆಗೆದ 2025ರಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ ಶೇ 62.34.

ಆ ಕ್ಯಾಮೆರಾ ಯಾರು ಕತ್ತು ಹೊರಳಿಸಿದರು, ಯಾರು ಚೀಟಿ ತೆಗೆದರು ಎಂಬುದನ್ನು ತೋರಿಸಿತು. ಹತ್ತು ವರ್ಷ ಶಾಲೆಗೆ ಬಂದ ಮಗು ಖಾಲಿ ಹಾಳೆಯ ಮುಂದೆ ಯಾಕೆ ಪೆನ್ನು ಕಚ್ಚುತ್ತ ಕೂರಬೇಕಾಯಿತು ಎಂಬುದನ್ನು ತೋರಿಸಲಿಲ್ಲ. ಆ ಉತ್ತರ ಪರೀಕ್ಷೆಯ ಮೂರು ತಾಸಿನಲ್ಲಿ ಸಿಗುವಂಥದ್ದಲ್ಲ. ಅದು ಎಂಟನೆಯ ಇಯತ್ತೆಯ ಜೂನ್ ತಿಂಗಳಲ್ಲಿ ಸಿಗಬಹುದು, ಕಬ್ಬಿನ ಹಂಗಾಮಿನ ಖಾಲಿ ಬೆಂಚಿನಲ್ಲಿ ಸಿಗಬಹುದು, ಗಣಿತದ ಶಿಕ್ಷಕರ ಹುದ್ದೆ ಖಾಲಿ ಬಿದ್ದ ವರ್ಷದಲ್ಲಿ ಸಿಗಬಹುದು.

ಬ್ರಿಟನ್ನಿನ ಶಾಲೆಯೊಳಗೆ

ಗೋಡೆಯ ಮೇಲೆ ಅಂಟಿಸಿದ ಇದೇ ಬಗೆಯ ಕ್ಯಾಮೆರಾದಿಂದ ಪೂರ್ತಿ ಬೇರೆ ಕೆಲಸ ಮಾಡಿಸಿಕೊಂಡವರಿದ್ದಾರೆ. 2011ರಲ್ಲಿ ಬ್ರಿಟನ್ನಿನ ಚಾನೆಲ್ 4 ‘ಎಜುಕೇಟಿಂಗ್ ಎಸೆಕ್ಸ್’ ಎಂಬ ಸರಣಿ ಪ್ರಸಾರ ಮಾಡಿತು. ಹಾರ್ಲೋ ಪಟ್ಟಣದ ಪಾಸ್‌ಮೋರ್ಸ್ ಶಾಲೆಯ ತರಗತಿ, ಓಣಿ, ಮುಖ್ಯಶಿಕ್ಷಕರ ಕೋಣೆಗಳಲ್ಲಿ 60ಕ್ಕೂ ಹೆಚ್ಚು ಸ್ಥಿರ ಕ್ಯಾಮೆರಾಗಳನ್ನು ಕೂರಿಸಿ, ಚಿತ್ರತಂಡ ಇನ್ನೊಂದು ಕೊಠಡಿಯಲ್ಲಿ ಪರದೆಗಳ ಮುಂದೆ ವಾರಗಟ್ಟಲೆ ಕುಳಿತಿತು. ಕ್ಯಾಮೆರಾ ಹಿಡಿದ ಮನುಷ್ಯ ಎದುರಿಗಿಲ್ಲದ್ದರಿಂದ ಕೆಲವು ದಿನಗಳಲ್ಲಿ ಮಕ್ಕಳು ಅದನ್ನು ಫ್ಯಾನಿನಂತೆ, ಗಡಿಯಾರದಂತೆ ಮರೆತರು. ಸಮವಸ್ತ್ರ ಸರಿ ಇಲ್ಲದ್ದಕ್ಕೆ ಜಗಳ, ಗೆಳತಿಯರ ಮುನಿಸು, ಶಿಕ್ಷೆಗೆ ಕರೆಸಿಕೊಂಡ ಮಗುವಿನ ಜೊತೆ ಉಪಮುಖ್ಯಶಿಕ್ಷಕರು ಅರ್ಧ ತಾಸು ಆಡಿದ ಮಾತು, ಇವೇ ಅಲ್ಲಿನ ಕಥೆ.

ಈ ಬಗೆಯ ಚಿತ್ರಗಳಿಗೆ ಬ್ರಿಟನ್ನಿನಲ್ಲಿ ಹಳೆಯ ಬೇರು ಇದೆ. 1964ರಲ್ಲಿ ಗ್ರನಾಡಾ ವಾಹಿನಿ ‘ಸೆವೆನ್ ಅಪ್!’ ಎಂಬ ಚಿತ್ರದಲ್ಲಿ ಬೇರೆ ಬೇರೆ ವರ್ಗದ 14 ಮಕ್ಕಳನ್ನು ಅವರ ಏಳನೆಯ ವಯಸ್ಸಿನಲ್ಲಿ ತೋರಿಸಿತು. ಆಗ ಅದರಲ್ಲಿ ಸಂಶೋಧಕರಾಗಿ ದುಡಿದ ಮೈಕೆಲ್ ಆಪ್ಟೆಡ್ ಮುಂದೆ ನಿರ್ದೇಶಕರಾಗಿ ಏಳೇಳು ವರ್ಷಕ್ಕೊಮ್ಮೆ ಆ ಮಕ್ಕಳ ಬಾಗಿಲು ತಟ್ಟಿದರು. 2019ರ ‘63 ಅಪ್’ ಹೊತ್ತಿಗೆ ಆ ಮಕ್ಕಳು ನಿವೃತ್ತಿಯ ಅಂಚಿನಲ್ಲಿದ್ದರು. 1980ರಲ್ಲಿ ಬಿಬಿಸಿಗಾಗಿ ರಿಚರ್ಡ್ ಡೆಂಟನ್ ಸಿರಿವಂತರ ಮಕ್ಕಳು ಓದುವ ರ‍್ಯಾಡ್ಲಿ ಕಾಲೇಜನ್ನು ಚಿತ್ರಿಸಿದರು. ಎರಡು ವರ್ಷದ ನಂತರ ಅವರೇ ಕಾರ್ಬಿ ಎಂಬ ಊರಿನ ಕಿಂಗ್ಸ್‌ವುಡ್ ಸರ್ಕಾರಿ ಶಾಲೆಗೆ ಬಂದರು. ಕಾರ್ಬಿ ಉಕ್ಕಿನ ಊರು; ಅಲ್ಲಿ ಉಕ್ಕು ತಯಾರಿಸುವ ಕುಲುಮೆಗಳು ಆಗಷ್ಟೇ ಆರಿದ್ದವು. ಶಾಲೆ ಮುಗಿಸುವ ಮಕ್ಕಳ ಮುಂದೆ ಅಪ್ಪಂದಿರು ಮಾಡಿದ ಕೆಲಸ ಇರಲಿಲ್ಲ.

ಎಲ್ಲ ಚಿತ್ರಗಳೂ ಮೆಚ್ಚುಗೆ ಪಡೆಯಲಿಲ್ಲ. 1977ರಲ್ಲಿ ಬಿಬಿಸಿಯ ‘ಪನೋರಮಾ’ ಪಶ್ಚಿಮ ಲಂಡನ್ನಿನ ಫ್ಯಾರಡೆ ಶಾಲೆಯ ಗದ್ದಲದ ತರಗತಿಗಳನ್ನು ತೋರಿಸಿದಾಗ ದೊಡ್ಡ ವಿವಾದವೇ ಎದ್ದಿತು. ಹಿಂದಿನ ವರ್ಷವಷ್ಟೇ ಪ್ರಧಾನಿ ಜೇಮ್ಸ್ ಕ್ಯಾಲಹನ್ ಶಿಕ್ಷಣದ ಗುಣಮಟ್ಟದ ಕುರಿತು ದೇಶವೇ ಚರ್ಚಿಸಬೇಕೆಂದು ಕರೆ ಕೊಟ್ಟಿದ್ದರು. ಆ ಕಾವಿನಲ್ಲಿ ಒಂದು ಶಾಲೆ ಎಲ್ಲ ಸರ್ಕಾರಿ ಶಾಲೆಗಳ ಪರವಾಗಿ ಕಟಕಟೆಯಲ್ಲಿ ನಿಂತಂತಾಯಿತು. ತಮ್ಮ ಶಾಲೆಯ ಚಿತ್ರ ಏಕಪಕ್ಷೀಯ ಎಂದು ಶಿಕ್ಷಕರು ನೊಂದುಕೊಂಡರು. ಕತ್ತರಿ ಹಿಡಿದವರ ಕೈ ನಡುಗದಿದ್ದರೆ ಯಾವ ಶಾಲೆಯನ್ನಾದರೂ ಸಂತೆ ಎಂದು ತೋರಿಸಬಹುದು. ಇಡೀ ದಿನದಲ್ಲಿ ಗದ್ದಲದ ಹತ್ತು ನಿಮಿಷ ಎಲ್ಲಿ ತಾನೆ ಇರುವುದಿಲ್ಲ?

ಈ ಪರಂಪರೆಯ ಒಂದು ದೃಶ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 2013ರ ‘ಎಜುಕೇಟಿಂಗ್ ಯಾರ್ಕ್‌ಷೈರ್’ ಸರಣಿಯ ಶಾಲೆ ಡ್ಯೂಸ್‌ಬರಿಯ ಥಾರ್ನ್‌ಹಿಲ್ ಅಕಾಡೆಮಿ. ಡ್ಯೂಸ್‌ಬರಿ ಉಣ್ಣೆಯ ಗಿರಣಿಗಳಿಂದ ಬೆಳೆದ ಊರು. ಗೋಕಾಕ ಫಾಲ್ಸಿನ ಗಿರಣಿ ಕಂಡವರಿಗೆ ಅಲ್ಲಿನ ಬೀದಿಗಳ ಗುರುತು ಸಿಕ್ಕೀತು. ಅಲ್ಲಿ ಮುಷರಫ್ ಎಂಬ ಹುಡುಗ. ಮಾತು ಶುರುವಾಗುವ ಮೊದಲೇ ಗಂಟಲಲ್ಲಿ ಸಿಕ್ಕಿಕೊಳ್ಳುವಷ್ಟು ತೊದಲು. ಇಂಗ್ಲಿಷಿನ ಮೌಖಿಕ ಪರೀಕ್ಷೆ ಹತ್ತಿರ ಬಂದಿದೆ. ಶಿಕ್ಷಕ ಮ್ಯಾಥ್ಯೂ ಬರ್ಟನ್ ಅವರಿಗೆ ‘ದ ಕಿಂಗ್ಸ್ ಸ್ಪೀಚ್’ ಸಿನಿಮಾದ ಒಂದು ಉಪಾಯ ನೆನಪಾಗುತ್ತದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹಾಡು ಕೇಳುತ್ತಲೇ ಓದು ಎನ್ನುತ್ತಾರೆ. ಹುಡುಗ ಓದಲು ಶುರುಮಾಡುತ್ತಾನೆ. ಶಬ್ದಗಳು ಒಂದರ ಹಿಂದೆ ಒಂದು ಹೊರಬರುತ್ತವೆ. ಶಿಕ್ಷಕರು ಏನೂ ಹೇಳುವುದಿಲ್ಲ, ನೋಡುತ್ತಿರುತ್ತಾರೆ. ಕೊನೆಯ ದಿನ ಅದೇ ಹುಡುಗ ತನ್ನ ಓರಗೆಯ ಎಲ್ಲರ ಮುಂದೆ ಎದ್ದು ನಿಂತು ನಾಲ್ಕು ಮಾತು ಆಡಿದಾಗ ಸಭಾಂಗಣದ ಮಕ್ಕಳು, ಶಿಕ್ಷಕರು ಅಳು ತಡೆಯಲಾರದೆ ಹೋಗುತ್ತಾರೆ.

ಆ ಹೆಡ್‌ಫೋನಿನ ಗಳಿಗೆ ಯಾವ ಇನ್‌ಸ್ಪೆಕ್ಟರರ ಭೇಟಿ ವರದಿಯಲ್ಲೂ ದಾಖಲಾಗುವಂಥದ್ದಲ್ಲ. ಅದಕ್ಕೆ ಅಂಕ ಇಲ್ಲ, ಕಾಲಂ ಇಲ್ಲ. ಕ್ಯಾಮೆರಾ ಅಷ್ಟು ದಿನ ಅಲ್ಲೇ ಇದ್ದದ್ದರಿಂದ ಅದು ಸಿಕ್ಕಿತು. ಮುಂದೆ ಬರ್ಟನ್ ಅದೇ ಶಾಲೆಯ ಮುಖ್ಯಶಿಕ್ಷಕರಾದರು. 2025ರಲ್ಲಿ ಸರಣಿ ಮತ್ತೆ ಆ ಶಾಲೆಗೆ ಮರಳಿದಾಗ ಎದುರುಗೊಂಡವರು ಅವರೇ. ಸ್ಯಾಲ್ಫರ್ಡಿನ ಶಾಲೆಯೊಂದರಲ್ಲಿ ನಡೆದ 2017ರ ಸರಣಿಯ ಮುಂದಿನ ಕಥೆ ಬೇರೆ. ಶಾಲೆಯ ದಾಖಲೆಗಳ ನಿರ್ವಹಣೆ ಕುರಿತ ತನಿಖೆಯ ನಡುವೆ 2018ರಲ್ಲಿ ಅಲ್ಲಿನ ಮುಖ್ಯಸ್ಥರು ಹುದ್ದೆ ಬಿಟ್ಟರು. ಮುಖದ ಭಾವ ಹಿಡಿಯುವ ಕ್ಯಾಮೆರಾ ಕಪಾಟಿನಲ್ಲಿರುವ ರಿಜಿಸ್ಟರನ್ನು ಓದಲಾರದು. ಈ ಮಿತಿಯೂ ಎಣಿಕೆಯಲ್ಲಿರಬೇಕು.

ಗಡಿಯಾಚೆಯ ಎರಡು ಶಾಲೆಗಳು

ಇಂಥ ಚಿತ್ರಕ್ಕೆ ಬ್ರಿಟನ್ನಿಗೇ ಹೋಗಬೇಕಿಲ್ಲ. ಕರ್ನಾಟಕದ ಗಡಿ ದಾಟಿದರೆ ಸಾಕು, ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಹೊಸೂರಿನ ಹತ್ತಿರ ಬಾಲಿಗಾನಪಳ್ಳಿಯಲ್ಲಿ ಶಾಂತಿ ಭವನ ಎಂಬ ವಸತಿ ಶಾಲೆ ಇದೆ. ಅಬ್ರಹಾಂ ಜಾರ್ಜ್ 1997ರಲ್ಲಿ ಇದನ್ನು ಶುರುಮಾಡಿದರು. ಕಡುಬಡ ಮನೆಗಳಿಂದ, ಒಂದು ಮನೆಗೆ ಒಂದೇ ಮಗು ಎಂಬ ನಿಯಮದಲ್ಲಿ, ಪುಟ್ಟ ವಯಸ್ಸಿನಲ್ಲೇ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ. ಅಮೆರಿಕದ ವನೆಸ್ಸಾ ರಾತ್ ಏಳು ವರ್ಷ ಈ ಶಾಲೆಯ ಐವರು ಹುಡುಗಿಯರ ಜೊತೆಗಿದ್ದು ಮಾಡಿದ ‘ಡಾಟರ್ಸ್ ಆಫ್ ಡೆಸ್ಟಿನಿ’ 2017ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ನಾಲ್ಕು ಕಂತುಗಳಾಗಿ ಬಂತು. ಎ.ಆರ್. ರೆಹಮಾನ್ ಅವರ ಸಂಗೀತ ಇರುವ ಈ ಸರಣಿಯಲ್ಲಿ ಮನಸ್ಸಿಗೆ ನಾಟುವುದು ಸಂಗೀತವಿಲ್ಲದ ಜಾಗಗಳು. ರಜೆಗೆ ಮನೆಗೆ ಹೋದ ಹುಡುಗಿ ತನ್ನದೇ ಅಡುಗೆಮನೆಯಲ್ಲಿ ನೆಂಟಳಂತೆ ಕೂರುತ್ತಾಳೆ. ತಾಯಿಗೆ ಮಗಳ ಇಂಗ್ಲಿಷ್ ಗೊತ್ತಿಲ್ಲ, ಮಗಳಿಗೆ ತಾಯಿಯ ದಿನ ಗೊತ್ತಿಲ್ಲ. ಒಳ್ಳೆಯ ಶಾಲೆ ಮಗುವಿಗೆ ಏನು ಕೊಟ್ಟಿತು ಎಂಬುದರ ಪಕ್ಕದಲ್ಲೇ, ಮನೆಗೂ ಮಗುವಿಗೂ ನಡುವೆ ಎಷ್ಟು ಅಂತರ ತಂದಿತು ಎಂಬುದೂ ಕಾಣುತ್ತದೆ. ಆ ಐವರಲ್ಲಿ ಒಬ್ಬರಾದ ಶಿಲ್ಪಾ ರಾಜ್ ಕರ್ನಾಟಕದ ಹಳ್ಳಿಯವರು, ಕಾಡಿನಂಚಿನಲ್ಲಿ ಆನೆ ಓಡಿಸುವ ಕೆಲಸ ಮಾಡಿದವರ ಮಗಳು. ತಮ್ಮ ಕಥೆಯನ್ನು ಅವರು ‘ದಿ ಎಲಿಫೆಂಟ್ ಚೇಸರ್ಸ್ ಡಾಟರ್’ ಎಂಬ ಪುಸ್ತಕದಲ್ಲಿ ತಾವೇ ಬರೆದುಕೊಂಡರು. ಕ್ಯಾಮೆರಾದ ಮುಂದೆ ಕುಳಿತ ಮಗು ಬೆಳೆದು ತನ್ನ ಕಥೆಯನ್ನು ತನ್ನ ಕೈಗೇ ತೆಗೆದುಕೊಂಡ ಈ ಸಂಗತಿಗೆ ಚಿತ್ರದಷ್ಟೇ ತೂಕವಿದೆ.

ಇನ್ನೊಂದು ಶಾಲೆ ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ, ಜಿಡ್ಡು ಕೃಷ್ಣಮೂರ್ತಿಯವರು ಕಟ್ಟಿದ್ದು. 1997ರಿಂದ ಡೆಹ್ರಾಡೂನಿನ ಡೂನ್ ಶಾಲೆಯಲ್ಲಿ ಕ್ಯಾಮೆರಾ ಹಿಡಿದು ಐದು ಚಿತ್ರ ಮಾಡಿದ ಡೇವಿಡ್ ಮ್ಯಾಕ್‌ಡೂಗಲ್ ಆಮೇಲೆ ಇಲ್ಲಿಗೆ ಬಂದರು. 2007ರ ಅವರ ‘ಸ್ಕೂಲ್‌ಸ್ಕೇಪ್ಸ್’ನಲ್ಲಿ ವಿವರಣೆಯ ದನಿ ಇಲ್ಲ, ಕಥೆ ಇಲ್ಲ. ಕ್ಯಾಮೆರಾ ಒಂದು ಕಡೆ ನಿಲ್ಲುತ್ತದೆ, ಎದುರಿಗಿರುವುದು ನಡೆಯುತ್ತದೆ. ಹೆಸರಿಡದೆ, ತೀರ್ಪು ಕೊಡದೆ ನೋಡುವುದು ಎಂದು ಕೃಷ್ಣಮೂರ್ತಿ ಜೀವನವಿಡೀ ಹೇಳಿದ್ದನ್ನು ಮ್ಯಾಕ್‌ಡೂಗಲ್ ಚಿತ್ರದಲ್ಲಿ ಮಾಡಿ ನೋಡಿದರು.

ರಿಷಿ ವ್ಯಾಲಿಗೂ ಯರಗಟ್ಟಿಯ ಕನ್ನಡ ಸಾಲಿಗೂ ಇರುವ ಸಂಬಂಧ ಅನೇಕರ ಗಮನಕ್ಕೆ ಬಂದಿರಲಿಕ್ಕಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಗೆ ಹೋಗಿ ಅಲ್ಲಿ ಮಕ್ಕಳು ಹೇಗೆ ಕಲಿಯುತ್ತಾರೆಂದು ನೋಡಿಬಂದರು. ಯುನಿಸೆಫ್ ನೆರವಿನಿಂದ ತಮ್ಮ ಶಾಲೆಗಳಲ್ಲಿ ‘ನಲಿ-ಕಲಿ’ ಶುರುಮಾಡಿದರು. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ಹರಡಿತು. ಇಂದು ಈ ತಾಲ್ಲೂಕಿನ ಒಂದನೆಯ ಇಯತ್ತೆಯ ಮಗು ಕಲಿಕಾ ಏಣಿಯ ಮುಂದೆ ನಿಂತು ತನ್ನ ಮೆಟ್ಟಿಲು ಯಾವುದೆಂದು ಬೆರಳಿಟ್ಟು ಹುಡುಕುತ್ತದೆ. ಟ್ರೇಯಿಂದ ತನ್ನ ಕಾರ್ಡು ತಾನೇ ಆರಿಸಿಕೊಳ್ಳುತ್ತದೆ. ಗುಂಪಿನಲ್ಲಿ ಕುಳಿತು ಪಕ್ಕದವರಿಂದ ಕಲಿಯುತ್ತದೆ. ಇದರ ಹಿಂದೆ ಕೆಲವು ಶಿಕ್ಷಕರು ಬೇರೊಂದು ತರಗತಿಯನ್ನು ಸುಮ್ಮನೆ ಕುಳಿತು ನೋಡಿದ ದಿನಗಳಿವೆ. ಒಬ್ಬ ಶಿಕ್ಷಕಿಯ ಕೈಚಳಕವನ್ನು ಇನ್ನೊಬ್ಬ ಶಿಕ್ಷಕಿ ಕಣ್ಣಾರೆ ನೋಡುವ ಅವಕಾಶ ಇಂದಿಗೂ ಅಪರೂಪವೇ. ಬಾಗಿಲು ಮುಚ್ಚಿದ ಕೊಠಡಿಯಲ್ಲಿ ಮೂವತ್ತು ವರ್ಷ ಕಲಿಸಿ ಅಕ್ಕೋರು ನಿವೃತ್ತರಾಗುತ್ತಾರೆ. ಶಾಲು ಹೊದಿಸುತ್ತಾರೆ, ಹಾರ ಹಾಕುತ್ತಾರೆ. ಭಿನ್ನರಾಶಿಯನ್ನು ರೊಟ್ಟಿ ಮುರಿದು ಹೇಳಿಕೊಡುತ್ತಿದ್ದ ಅವರ ಪಾಠ ಅವರ ಜೊತೆಗೇ ಮನೆಗೆ ಹೋಗುತ್ತದೆ. ಅದು ಚಿತ್ರವಾಗಿ ಉಳಿದಿದ್ದರೆ ಡಯಟ್‌ನಲ್ಲಿ ಓದುವ ನಾಳಿನ ಶಿಕ್ಷಕರಿಗೆ ಅದಕ್ಕಿಂತ ದೊಡ್ಡ ಪಠ್ಯ ಬೇಕಾಗಿರಲಿಲ್ಲ.

ಕಥಾಚಿತ್ರ ಈ ದಾರಿಯಲ್ಲಿ ಒಂದು ಹೆಜ್ಜೆ ಮುಂದಿದೆ. ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ 2018ರಲ್ಲಿ ಗಡಿಯ ಕನ್ನಡ ಶಾಲೆಯ ಅಳಿವು-ಉಳಿವನ್ನು ನಗಿಸುತ್ತ ಅಳಿಸುತ್ತ ಮನೆಮಾತು ಮಾಡಿತು. ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಶಾಲೆಯ ಕಥೆ ನೋಡಲು ಕನ್ನಡದ ಜನ ಟಿಕೆಟ್ ಕೊಂಡು ಬರುತ್ತಾರೆ ಎಂಬುದಕ್ಕೆ ಅದೇ ಸಾಕ್ಷಿ.

ಗುಡ್ಡಕ್ಕೆ ಬಂದ ಕ್ಯಾಮೆರಾ

ಬ್ರಿಟನ್ನಿನ ಕ್ಯಾಮೆರಾ ಈ ಸೀಮೆಯ ಬದುಕನ್ನು ಹುಡುಕಿಕೊಂಡು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬಂದದ್ದುಂಟು, ಶಾಲೆಗಲ್ಲ. 2011ರಲ್ಲಿ ಬಿಬಿಸಿ ಪ್ರಸಾರ ಮಾಡಿದ ಬೀಬನ್ ಕಿಡ್ರನ್ ಅವರ ‘ಸೆಕ್ಸ್, ಡೆತ್ ಅಂಡ್ ದಿ ಗಾಡ್ಸ್’ ಕರ್ನಾಟಕದ ದೇವದಾಸಿ ಹೆಣ್ಣುಮಕ್ಕಳ ಕುರಿತದ್ದು. ಅದಕ್ಕೂ ಸ್ವಲ್ಪ ಮುಂಚೆ ‘ವೈಸ್’ ಸಂಸ್ಥೆಯ ‘ಪ್ರಾಸ್ಟಿಟ್ಯೂಟ್ಸ್ ಆಫ್ ಗಾಡ್’ ಬಂದಿತ್ತು. ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರಲ್ಲೇ ಕಾನೂನಿನಿಂದ ನಿಷೇಧಿಸಿದೆ. ಆ ನೋವಿನ ಕಥೆ ಹೇಳಬೇಕಾದದ್ದೇ. ಆದರೆ ‘ವೈಸ್’ ಚಿತ್ರ ಬಂದಾಗ ಸಾಂಗ್ಲಿಯ ಲೈಂಗಿಕ ಕಾರ್ಯಕರ್ತೆಯರ ‘ವ್ಯಾಂಪ್’ ಸಂಘಟನೆಯ ಮಹಿಳೆಯರು ತಮ್ಮನ್ನು ತಪ್ಪಾಗಿ ತೋರಿಸಲಾಗಿದೆ ಎಂದು ಪ್ರತಿಭಟಿಸಿದರು. ಪತ್ರ ಬರೆದು ಸುಮ್ಮನಾಗಲಿಲ್ಲ. ತಾವೇ ಕ್ಯಾಮೆರಾದ ಮುಂದೆ ಕುಳಿತು, ನಮ್ಮ ಬದುಕನ್ನು ನೀವು ಹೀಗೆ ತೋರಿಸಿದ್ದು ಸರಿಯೇ ಎಂದು ಕೇಳುವ ವಿಡಿಯೊ ಮಾಡಿ ಲೋಕಕ್ಕೆ ಬಿಟ್ಟರು. ಚಿತ್ರಕ್ಕೊಳಗಾದವರು ಚಿತ್ರದ ಭಾಷೆಯಲ್ಲೇ ಉತ್ತರ ಕೊಟ್ಟ ಆ ಘಟನೆ ನಡೆದದ್ದು ಇಲ್ಲಿಂದ ದೂರದಲ್ಲೇನೂ ಅಲ್ಲ.

ದೊಡ್ಡವರ ವಿಷಯದಲ್ಲೇ ಹೀಗಾದರೆ ಹದಿನಾಲ್ಕರ ಮಗುವಿನ ಗತಿಯೇನು? ‘ಸೆವೆನ್ ಅಪ್!’ನಲ್ಲಿ ಏಳರ ವಯಸ್ಸಿನಲ್ಲಿ ಕಾಣಿಸಿಕೊಂಡ ಹುಡುಗನೊಬ್ಬ ಇಪ್ಪತ್ತೊಂದರ ನಂತರ ಒಲ್ಲೆ ಎಂದು ಹೊರಬಂದು, ಮುಂದೆ ತಾನೇ ಸಾಕ್ಷ್ಯಚಿತ್ರ ಕ್ಷೇತ್ರ ಸೇರಿದ. ಫ್ರಾನ್ಸಿನ ಹಳ್ಳಿಯ ಏಕೋಪಾಧ್ಯಾಯ ಶಾಲೆಯನ್ನು ತೋರಿಸಿದ ನಿಕೋಲಾ ಫಿಲಿಬೆರ್ ಅವರ 2002ರ ‘ಎತ್ರ್ ಏ ಅವ್ವಾರ್’ ಲಕ್ಷಾಂತರ ಜನರ ಮನಗೆದ್ದಿತು. ಚಿತ್ರ ಹಣ ಮಾಡಿದ ಮೇಲೆ ಅದರ ಪ್ರೀತಿಯ ಮಾಸ್ತರರು ತಮಗೂ ಪಾಲು ಬೇಕೆಂದು ಕೋರ್ಟಿಗೆ ಹೋದರು. 2004ರಲ್ಲಿ ಪ್ಯಾರಿಸ್ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಸ್ನೇಹದಿಂದ ಶುರುವಾದದ್ದು ದಾವೆಯಲ್ಲಿ ಮುಗಿಯಿತು. ಅಮೆರಿಕದಲ್ಲಿ ಫ್ರೆಡರಿಕ್ ವೈಸ್‌ಮನ್ 1968ರಲ್ಲಿ ಮಾಡಿದ ‘ಹೈಸ್ಕೂಲ್’ ಇಂದು ದೇಶದ ಚಲನಚಿತ್ರ ಸಂಪತ್ತೆಂದು ಕಾಪಿಟ್ಟಿರುವ ಚಿತ್ರ. ಆದರೆ ಅದನ್ನು ತೆಗೆದ ಫಿಲಡೆಲ್ಫಿಯಾ ಊರಲ್ಲೇ ದಶಕಗಟ್ಟಲೆ ತೋರಿಸಲಾಗಲಿಲ್ಲ.

ಆದ್ದರಿಂದ ಕಟ್ಟುಪಾಡು ಬೇಕು. ಬ್ರಿಟನ್ನಿನ ಪ್ರಸಾರ ನಿಯಂತ್ರಕ ‘ಆಫ್‌ಕಾಮ್’ ನಿಯಮದ ಪ್ರಕಾರ ತಂದೆತಾಯಿ ಒಪ್ಪಿಗೆ ಕೊಟ್ಟಿದ್ದರೂ ಹದಿನೆಂಟರೊಳಗಿನ ಮಗುವಿನ ದೇಹದ, ಮನಸ್ಸಿನ ಕ್ಷೇಮ ವಾಹಿನಿಯ ಹೊಣೆ. ನಮ್ಮಲ್ಲಿ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ರಕ್ಷಣೆ ಬೇಕಾದ, ಕಾನೂನಿನೊಡನೆ ಸಂಘರ್ಷಕ್ಕೆ ಸಿಕ್ಕ ಮಗುವಿನ ಗುರುತು ಮಾಧ್ಯಮದಲ್ಲಿ ಹೊರಗೆಡಹುವುದನ್ನು ತಡೆಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟರೊಳಗಿನವರ ಮಾಹಿತಿ ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕು. ಕಾನೂನು ಇಷ್ಟು ಹೇಳುತ್ತದೆ. ಊರು ಇನ್ನೂ ಸ್ವಲ್ಪ ಹೆಚ್ಚು ಕೇಳಬೇಕು. ಅವ್ವ-ಅಪ್ಪ ಹೆಬ್ಬೆಟ್ಟು ಒತ್ತಿದರೂ ಮಗು ಒಲ್ಲೆ ಎಂದರೆ ಅಲ್ಲಿಗೇ ಮುಗಿಯಬೇಕು. ಊಟದ ಸಾಲಿನಲ್ಲಿ ಯಾರ ಪಕ್ಕ ಯಾರು ಕೂರುವುದಿಲ್ಲ ಎಂಬ ದೃಶ್ಯ ಸಿಕ್ಕರೆ ಅದನ್ನು ತೋರಿಸಲೇಬೇಕು. ಅದೇ ವೇಳೆ ಆ ಮಗುವಿನ ಮುಖ ಊರೆಲ್ಲದರ ಬಾಯಿಗೆ ಬೀಳದಂತೆ ಕಾಯಲೂಬೇಕು. ಇದು ಸುಲಭದ ಕೆಲಸವಲ್ಲ, ಒಂದು ದಿನ ಬಂದು ಹೋಗುವ ವರದಿಗಾರರ ಕೈಲಂತೂ ಆಗುವುದಿಲ್ಲ.

ಯರಗಟ್ಟಿಯ ಒಂದು ಶಾಲಾ ವರ್ಷ

ಹಾಗಾದರೆ ಇಲ್ಲಿ ಏನು ಮಾಡಬಹುದು? ಯರಗಟ್ಟಿ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ಐದು ತಾಲ್ಲೂಕುಗಳ ನಡುವೆ ಒಂದು ಪ್ರೌಢಶಾಲೆಯನ್ನು ಆರಿಸಿ ಜೂನ್‌ನಿಂದ ಏಪ್ರಿಲ್‌ವರೆಗೆ ಒಂದು ಪೂರ್ತಿ ವರ್ಷ ಅದರ ಜೊತೆಗಿರುವುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗದ ವಿದ್ಯಾರ್ಥಿಗಳು ಇದನ್ನು ಕೈಗೆತ್ತಿಕೊಳ್ಳಬಹುದು. ಪ್ರಸಾರಕ್ಕೆ ಚಂದನ ಇದೆ. ಅರವತ್ತು ಕ್ಯಾಮೆರಾ ಬೇಕಿಲ್ಲ. ಕೊನೆಯ ಬೆಂಚಿನಲ್ಲಿ ಕೂರುವ ಒಂದು ಕ್ಯಾಮೆರಾ, ಒಳ್ಳೆಯ ಮೈಕು, ಆತುರವಿಲ್ಲದ ಇಬ್ಬರು ಸಾಕು. ಮ್ಯಾಕ್‌ಡೂಗಲ್ ಮುಂದೆ ಭಾರತದ ಶಾಲೆಗಳಲ್ಲಿ ಮಕ್ಕಳ ಕೈಗೇ ಕ್ಯಾಮೆರಾ ಕೊಟ್ಟು ಅವರ ಲೋಕವನ್ನು ಅವರಿಂದಲೇ ತೆಗೆಸಿದರು. ಅದೂ ಇಲ್ಲಿ ಆಗಬಹುದು.

ವರ್ಷದ ಆರಂಭದಲ್ಲೇ ಕ್ಯಾಮೆರಾಕ್ಕೆ ಕೆಲಸ ಇದೆ. ಏಳನೆಯ ಇಯತ್ತೆ ಮುಗಿಸಿದ ಯಾರು ಎಂಟನೆಯದಕ್ಕೆ ಬಂದರು, ಯಾರು ಬರಲಿಲ್ಲ, ಬಾರದವರ ಮನೆಗೆ ಹೆಡ್‌ಮಾಸ್ತರರು ಹೋದಾಗ ಕಟ್ಟೆಯ ಮೇಲೆ ಯಾವ ಮಾತು ನಡೆಯಿತು. ಚಳಿಗಾಲ ಬಂದರೆ ಕಬ್ಬಿನ ಹಂಗಾಮು. ಟ್ರ್ಯಾಕ್ಟರ್ ಟ್ರೇಲರಿನ ಸಾಲು, ಗ್ಯಾಂಗಿನ ಜೊತೆ ಹೋದ ಮಕ್ಕಳ ಹೆಸರಿನ ಮುಂದೆ ಹಾಜರಿಯಲ್ಲಿ ಬೀಳುವ ಗೈರು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿ ಗುಡ್ಡದ ಕಡೆ ಚಕ್ಕಡಿಗಳು ಹೊರಟ ವಾರ ಅರ್ಧ ತುಂಬಿದ ಕೊಠಡಿಯಲ್ಲಿ ವಿಜ್ಞಾನದ ಸರ್ ಹೊಸ ಪಾಠ ಶುರುಮಾಡಲೋ ಬೇಡವೋ ಎಂದು ನಿಂತ ಗಳಿಗೆ. ಗುಡ್ಡದ ಬಗ್ಗೆ ಲೋಕ ನೋಡಿದ ಚಿತ್ರಗಳಲ್ಲಿ ಈ ಗಳಿಗೆ ಇಲ್ಲ. ಕಿತ್ತೂರಿನಲ್ಲಿ 1969ರಿಂದ ನಡೆದಿರುವ ಬಾಲಕಿಯರ ವಸತಿ ಸೈನಿಕ ಶಾಲೆಯ ಮುಂಜಾವಿನ ಕವಾಯತಿಗೂ, ಅದೇ ಮುಂಜಾನೆ ನೀರು ತುಂಬಿಸಿ, ರೊಟ್ಟಿ ಬಡಿದು ಬಸ್ಸಿಗೆ ಓಡುವ ಹಳ್ಳಿಯ ಹುಡುಗಿಯ ದಿನಕ್ಕೂ ನಡುವಿನ ಅಂತರ ಎಷ್ಟು ಎಂಬುದನ್ನು ಎರಡೇ ದೃಶ್ಯ ಪಕ್ಕಪಕ್ಕ ಇಟ್ಟು ತೋರಿಸಬಹುದು.

ಮಾರ್ಚ್‌ನಲ್ಲಿ ಗೋಡೆಯ ಮೇಲಿನ ಸಿ.ಸಿ. ಕ್ಯಾಮೆರಾ ಮತ್ತೆ ಕಣ್ಣು ಬಿಡುತ್ತದೆ. ಅಷ್ಟು ಹೊತ್ತಿಗೆ ಕೊನೆಯ ಬೆಂಚಿನ ಕ್ಯಾಮೆರಾ ಒಂಬತ್ತು ತಿಂಗಳು ನೋಡಿರುತ್ತದೆ. ಯಾವ ಮಗು ಯಾವ ಪಾಠದ ಹೊತ್ತಿನಲ್ಲಿ ಜ್ವರ ಬಂದು ಮಲಗಿತ್ತು, ಯಾರಿಗೆ ಯಾವ ಅಕ್ಕೋರು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕೂರಿಸಿಕೊಂಡು ಸಮೀಕರಣ ಬಿಡಿಸಲು ಕಲಿಸಿದರು ಎಂಬುದು ಅದಕ್ಕೆ ಗೊತ್ತಿರುತ್ತದೆ. ಫಲಿತಾಂಶದ ಶೇಕಡಾವಾರು ಅಂಕಿ ಪೇಪರಿನಲ್ಲಿ ಬಂದ ದಿನ ಆ ಚಿತ್ರವನ್ನೂ ಪಕ್ಕದಲ್ಲಿಟ್ಟು ನೋಡಿದರೆ ಬೈಗುಳಕ್ಕೆ ಬದಲು ಮಾತುಕತೆ ಶುರುವಾದೀತು.

ಚಿತ್ರದ ಮೊದಲ ಪ್ರದರ್ಶನ ಬೆಂಗಳೂರಿನಲ್ಲೂ ಬೇಡ, ದಿಲ್ಲಿಯಲ್ಲೂ ಬೇಡ. ಶಾಲೆಯ ಅಂಗಳದಲ್ಲಿ ಗ್ಯಾದರಿಂಗಿಗೆ ಕಟ್ಟುವ ಪರದೆಯ ಮೇಲೆ, ಸಂಜೆ ಕತ್ತಲಾದ ಮೇಲೆ, ಆ ಮಕ್ಕಳಿಗೇ ಮೊದಲು ತೋರಿಸಬೇಕು. ಹಿಂದೆ ಅವರ ಮನೆಯವರು, ಅಡುಗೆಯ ಅಮ್ಮಂದಿರು, ಮಾಸ್ತರರು ಚಾಪೆ ಹಾಸಿ ಕೂರಲಿ. ಪರದೆಯ ಮೇಲೆ ಬಸ್ಸು ತಪ್ಪಿಸಿಕೊಂಡ ಹುಡುಗಿ ಬಾಗಿಲಲ್ಲಿ ನಿಂತು ‘ಒಳಗ ಬರಲೇನ್ರಿ ಸರ್’ ಎನ್ನುವಾಗ ಅಂಗಳದಲ್ಲಿ ನಗೆ ಏಳುತ್ತದೆ. ಮುಂದಿನ ಸಾಲಿನಲ್ಲಿ ಕುಳಿತ ಅದೇ ಹುಡುಗಿ ತನ್ನನ್ನು ತಾನು ಮೊದಲ ಸಲ ಹೊರಗಿನಿಂದ ನೋಡುತ್ತಾಳೆ. ಚಿತ್ರ ಮುಗಿದ ಮೇಲೆ ಅವಳು ಎದ್ದು ಬಂದು ‘ಅದೊಂದು ತಗದ್ಬಿಡ್ರಿ’ ಎಂದರೆ ಆ ದೃಶ್ಯ ಎಷ್ಟೇ ಚೆನ್ನಾಗಿರಲಿ, ತೆಗೆಯಬೇಕು. ‘ಇರ್ಲಿ ಬಿಡ್ರಿ’ ಎಂದರೆ ಚಂದನದಲ್ಲಿ ಅದನ್ನು ನಾಡೆಲ್ಲ ನೋಡಲಿ.